ಆ 45 ದಿನ ನಿಮ್ಮ ಕಾಲೇಜಿನ ಬಾಗಿಲು ತೆಗೆದಿಡಿ

ಕರ್ನಾಟಕದ ನರ್ಸಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ, ಅಲ್ಲಿ ಪಾಠ ಹೇಳುವ ಎಲ್ಲ ಮೇಡಂ, ಸರ್‌ಗಳಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಊರು ಹಾಸನದ ಕಡೆ. ಬಿಎಸ್‌ಸಿ ನರ್ಸಿಂಗ್ ಓದಿದ್ದು ನಿಮ್ಮಂಥದ್ದೇ ಒಂದು ಕಾಲೇಜಿನಲ್ಲಿ. 2024ರಲ್ಲಿ ಎನ್‌ಕ್ಲೆಕ್ಸ್ ಬರೆದೆ, ಅಮೆರಿಕದಲ್ಲಿ ನರ್ಸ್ ಆಗಲು ಬೇಕಾದ ಪರೀಕ್ಷೆ ಅದು, ಫೇಲಾದೆ. ಅದೇ ವರ್ಷ ಮತ್ತೆ ಬರೆದೆ, ಪಾಸಾದೆ. ಆ ಎರಡು ಪರೀಕ್ಷೆಗಳ ನಡುವೆ ಕಾಯಲೇಬೇಕಾದ 45 ದಿನಗಳ ಬಗ್ಗೆ ನಿಮ್ಮ ಹತ್ತಿರ ಒಂದು ಮಾತು ಕೇಳಬೇಕು ಅಂತ ತುಂಬ ದಿನದಿಂದ ಅನ್ನಿಸುತ್ತಿತ್ತು.

ನಾನು ಪಾಸಾದ ಮೇಲೆ ಜೂನಿಯರ್‌ಗಳು ಒಬ್ಬರಿಂದ ಒಬ್ಬರು ನಂಬರ್ ತಗೊಂಡು ನನಗೆ ಫೋನ್ ಮಾಡುತ್ತಾರೆ. ಎಷ್ಟೋ ಜನ ಹಾಸ್ಟೆಲ್ಲಿನ ಬಾತ್‌ರೂಮಿನಿಂದಲೋ, ವಾರ್ಡಿನ ಲಿನನ್ ರೂಮಿನಿಂದಲೋ ಮಾತಾಡುತ್ತಾರೆ. ದನಿ ಅಷ್ಟು ಸಣ್ಣಗೆ ಇರುತ್ತದೆ. "ಅಕ್ಕಾ, ಆಗ್ಲಿಲ್ಲ." ಅಷ್ಟು ಹೇಳಿ ಸುಮ್ಮನಾಗುತ್ತಾರೆ. ಪಕ್ಕದ ಮಂಚದಲ್ಲಿ ಮಲಗುವ ರೂಮ್‌ಮೇಟ್‌ಗೂ ಹೇಳಿರುವುದಿಲ್ಲ. ಮನೆಗಂತೂ ಇಲ್ಲವೇ ಇಲ್ಲ. "ಕಾಲೇಜಿನಲ್ಲಿ ಯಾವ ಮೇಡಂಗಾದ್ರೂ ಹೇಳಿದ್ಯಾ?" ಅಂತ ನಾನು ಪ್ರತಿ ಸಲ ಕೇಳುತ್ತೇನೆ. ಇದುವರೆಗೆ ಒಬ್ಬಳೂ ಹೂಂ ಅಂದಿಲ್ಲ. ನಾಲ್ಕು ವರ್ಷ ಪಾಠ ಹೇಳಿದವರಿಗೆ ಹೇಳಬೇಕು ಅಂತ ಆ ಹುಡುಗಿಗೆ ಯಾಕೆ ಅನ್ನಿಸುವುದಿಲ್ಲ? ಅದಕ್ಕೇ ಈ ಪತ್ರ.

ಇದನ್ನು ಅಪ್ಪ ಅಮ್ಮಂದಿರೂ ಓದಬಹುದು, ಹಾಗಾಗಿ ಪರೀಕ್ಷೆ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ನರ್ಸಿಂಗ್ ಓದು ಮುಗಿಸಿದರೆ ಸಾಲದು. ಎನ್‌ಕ್ಲೆಕ್ಸ್ ಪಾಸಾದರೇನೇ ರಿಜಿಸ್ಟರ್ಡ್ ನರ್ಸ್ ಲೈಸೆನ್ಸ್ ಸಿಗುವುದು. ಅಲ್ಲೇ ಹುಟ್ಟಿ ಅಲ್ಲೇ ಓದಿದವರಿಗೂ ಇದೇ ನಿಯಮ. 1982ರಿಂದ ಈ ಹೆಸರಿನಲ್ಲಿ ನಡೆಯುತ್ತಿದೆ, 1994ರಿಂದ ಕಂಪ್ಯೂಟರಿನಲ್ಲಿ. ಕೆನಡಾದ ಬಹುಪಾಲು ಕಡೆ 2015ರಿಂದ ಇದೇ ಪರೀಕ್ಷೆ. ಆಸ್ಟ್ರೇಲಿಯಾ ಕೂಡ 2020ರಿಂದ ಹೊರಗೆ ಓದಿ ಬರುವ ಎಷ್ಟೋ ನರ್ಸ್‌ಗಳಿಗೆ ಇದನ್ನೇ ಬರೆಸುತ್ತಿದೆ. ನಮ್ಮಲ್ಲಿ ನಾನು ಓದಿದಾಗ ಯೂನಿವರ್ಸಿಟಿ ಪರೀಕ್ಷೆ ಪಾಸಾಗಿ ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದರೆ ಮುಗಿಯಿತು. ಲೈಸೆನ್ಸಿಗೆ ಅಂತಲೇ ಬೇರೆ ಪರೀಕ್ಷೆ ನಾವು ಬರೆದವರಲ್ಲ. ಹಾಗಾಗಿ ಎನ್‌ಕ್ಲೆಕ್ಸ್ ಆಗಲಿಲ್ಲ ಅಂದರೆ ಊರಿನಲ್ಲಿ ಕೇಳಿಸುವುದೇ ಬೇರೆ. ಇವಳಿಗೆ ನರ್ಸ್ ಕೆಲಸವೇ ಬರುವುದಿಲ್ಲವೇನೋ ಅಂತ.

ಈ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಪತ್ರಿಕೆ ಇಲ್ಲ. ಉತ್ತರ ಸರಿಯಾದರೆ ಮುಂದಿನದು ಸ್ವಲ್ಪ ಕಷ್ಟದ್ದು ಬರುತ್ತದೆ, ತಪ್ಪಾದರೆ ಸ್ವಲ್ಪ ಸುಲಭದ್ದು. ಸಂತೆಯಲ್ಲಿ ತಕ್ಕಡಿಗೆ ಕಲ್ಲು ಹಾಕಿ, ತೆಗೆದು, ಮತ್ತೆ ಹಾಕಿ ತೂಕ ಕಂಡುಹಿಡಿಯುತ್ತಾರಲ್ಲ, ಹಾಗೆ. ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150. ಸಮಯ 5 ಗಂಟೆ. ನೀವು ಪಾಸಿನ ಗೆರೆಗಿಂತ ಮೇಲಿದ್ದೀರೋ ಕೆಳಗಿದ್ದೀರೋ ಅನ್ನುವುದು ಕಂಪ್ಯೂಟರಿಗೆ ನೂರಕ್ಕೆ 95ರಷ್ಟು ಖಾತ್ರಿಯಾದ ಕೂಡಲೇ ಪರೀಕ್ಷೆ ನಿಂತುಬಿಡುತ್ತದೆ. ಖಾತ್ರಿಯಾಗದಿದ್ದರೆ ಕೇಳುತ್ತಲೇ ಇರುತ್ತದೆ. ಹೆಚ್ಚುಕಮ್ಮಿ ಅರ್ಧದಷ್ಟು ಮಾತ್ರ ಸರಿ ಬರುವಂಥ ಪ್ರಶ್ನೆಗಳನ್ನೇ ಅದು ನಿಮಗೆ ಹುಡುಕಿ ಕೊಡುವುದರಿಂದ, ಎಷ್ಟು ಓದಿದವರಿಗೂ ಕೂತಷ್ಟು ಹೊತ್ತೂ ಕಷ್ಟ ಅಂತಲೇ ಅನ್ನಿಸುತ್ತದೆ. ಡಿಸ್ಟಿಂಕ್ಷನ್ ತಗೊಂಡು ರೂಢಿಯಾದ ನಮ್ಮ ಮಕ್ಕಳು ಅಲ್ಲೇ ಅರ್ಧ ಧೈರ್ಯ ಕಳೆದುಕೊಳ್ಳುತ್ತಾರೆ. ಕೊನೆಗೆ ಅಂಕ ಅಂತ ಏನೂ ಕೊಡುವುದಿಲ್ಲ. ಪಾಸು ಇಲ್ಲ ಫೇಲು, ಅಷ್ಟೇ.

ನನ್ನದು 150ರವರೆಗೂ ಹೋಯಿತು.

ಹಿಂದಿನ ದಿನ ಬೆಳಗ್ಗೆಯಷ್ಟೇ ಮೂರು ನೈಟ್ ಡ್ಯೂಟಿ ಮುಗಿಸಿ ಬಂದಿದ್ದೆ. ರಜೆ ಕೇಳಿದ್ದೆ, ಸ್ಟಾಫ್ ಕಡಿಮೆ ಇದ್ದರು, ಸಿಗಲಿಲ್ಲ. ಪರೀಕ್ಷೆ ಸೆಂಟರ್ ಬೆಂಗಳೂರಿನಲ್ಲೇ. ಪಾಸ್‌ಪೋರ್ಟ್ ನೋಡಿದರು, ಫೋಟೊ ತೆಗೆದರು, ಫೋನನ್ನು ಒಂದು ಕವರಿನಲ್ಲಿ ಹಾಕಿ ಸೀಲ್ ಮಾಡಿದರು. ಎರಡೂ ಅಂಗೈ ಮೆಷಿನ್ ಮೇಲೆ ಇಟ್ಟು ಸ್ಕ್ಯಾನ್ ಮಾಡಬೇಕು. ನನ್ನ ಕೈ ನಡುಗುತ್ತಿತ್ತು, ಎರಡು ಸಲ ಇಡಬೇಕಾಯಿತು. ಮೈಯಲ್ಲಿ ನೀರಿಲ್ಲದೆ ನರವೇ ಸಿಗದ ಅಜ್ಜಿಯರಿಗೆ ರಾತ್ರಿ ಎರಡು ಗಂಟೆಗೆ ಕ್ಯಾನ್ಯುಲಾ ಹಾಕಿದ ಕೈ ಅದು. ಒಳಗೆ ಬರೆದು ಒರೆಸುವ ಒಂದು ಹಾಳೆ, ಒಂದು ಮಾರ್ಕರ್ ಕೊಟ್ಟರು. 85 ದಾಟಿದ ಮೇಲೆ ಪ್ರತಿ ಪ್ರಶ್ನೆಗೂ "ಇದೇ ಕೊನೆಯದಿರಲಿ" ಅಂದುಕೊಳ್ಳುತ್ತಿದ್ದೆ. 120ರ ಹೊತ್ತಿಗೆ ಪ್ರಶ್ನೆ ಓದುವುದನ್ನೇ ಬಿಟ್ಟು ಬರೀ ನಂಬರ್ ನೋಡುತ್ತಿದ್ದೆ. ಈಗ ಜೂನಿಯರ್‌ಗಳಿಗೆ ಮೊದಲು ಹೇಳುವುದೇ ಇದನ್ನು. 150ಕ್ಕೆ ಹೋದರೆ ಫೇಲ್ ಅಂತ ಅರ್ಥ ಅಲ್ಲ. ಅಲ್ಲಿಯವರೆಗೂ ಕೇಳುತ್ತಿದೆ ಅಂದರೆ ನೀನಿನ್ನೂ ಗೆರೆಯ ಹತ್ತಿರವೇ ಇದ್ದೀಯ, ಕೊನೆಯ ಪ್ರಶ್ನೆಯವರೆಗೂ ಆಟ ನಿನ್ನ ಕೈಯಲ್ಲೇ ಇದೆ ಅಂತ ಅರ್ಥ. ನನಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ.

ಫಲಿತಾಂಶ ನೋಡಿದ್ದು ಡ್ಯೂಟಿ ಮಧ್ಯೆ, ಚೇಂಜಿಂಗ್ ರೂಮಿನಲ್ಲಿ. ಮುಖ ತೊಳೆದುಕೊಂಡು ವಾಪಸ್ ಹೋಗಿ ಆರು ಗಂಟೆಯ ಇಂಜೆಕ್ಷನ್‌ಗಳನ್ನು ಕೊಟ್ಟೆ.

ಮನೆಗೆ ಹೇಳಿದ್ದು ನಾಲ್ಕು ದಿನ ಬಿಟ್ಟು. ಅಪ್ಪ ಶುಂಠಿ ಬೆಳೆಯುವವರು. ನನ್ನ ಓದಿನ ಸಾಲದ ಕಂತು ಇನ್ನೂ ಇತ್ತು. ಅವರು ಏನೂ ಮಾತಾಡಲಿಲ್ಲ, ಫೋನ್ ಅವ್ವನಿಗೆ ಕೊಟ್ಟರು. ಅವ್ವ ಅಂದಿದ್ದು ಇಷ್ಟು: "ಹೋಗ್ಲಿ ಬಿಡವ್ವ. ಅದು ಆಗ್ಲಿಲ್ಲ ಅಂತ ನಿಂಗೆ ಸೂಜಿ ಹಾಕೋದು ಮರ್ತೋಯ್ತಾ? ಊಟ ಮಾಡ್ದಾ?" ನನ್ನ ಅದೃಷ್ಟ ಅದು. ಎಲ್ಲ ಮನೆಯಲ್ಲೂ ಹೀಗೆ ಇರುವುದಿಲ್ಲ. ಒಬ್ಬಳು ಜೂನಿಯರ್‌ಗೆ ಮದುವೆ ಮಾತುಕತೆಯೇ ಇದರ ಮೇಲೆ ನಿಂತಿತ್ತು. ಅವಳು ಹಬ್ಬಕ್ಕೂ ಊರಿಗೆ ಹೋಗಲಿಲ್ಲ.

ಮತ್ತೆ ಬರೆಯಬೇಕಾದರೆ ಕನಿಷ್ಠ 45 ದಿನ ಕಾಯಬೇಕು. ವರ್ಷಕ್ಕೆ 8 ಸಲದವರೆಗೆ ಬರೆಯಬಹುದು ಅಂತ ಪರೀಕ್ಷೆ ನಡೆಸುವ ಸಂಸ್ಥೆಯ ನಿಯಮ ಇದೆ. ಆದರೆ ಅಲ್ಲಿ ಒಂದೊಂದು ರಾಜ್ಯದ ಬೋರ್ಡಿಗೂ ತನ್ನದೇ ಲೆಕ್ಕ. ಫ್ಲಾರಿಡಾದಲ್ಲಿ ಸಾಲಾಗಿ 3 ಸಲ ಫೇಲಾದರೆ ಬೋರ್ಡ್ ಒಪ್ಪಿದ ಒಂದು ಕೋರ್ಸ್ ಮಾಡಿದ ಮೇಲೆಯೇ ಮತ್ತೆ ಕೂರಲು ಬಿಡುತ್ತಾರೆ. ದುಡ್ಡೂ ಮತ್ತೆ ಕಟ್ಟಬೇಕು. ಹೆಸರು ನೋಂದಾಯಿಸಲು 200 ಡಾಲರ್, ಅಮೆರಿಕದ ಹೊರಗೆ ಬರೆಯುತ್ತೇವಲ್ಲ ಅದಕ್ಕೆ ಮೇಲೆ 150 ಡಾಲರ್, ಅದರ ಮೇಲೆ ತೆರಿಗೆ. ನಾನು ಬರೆದಾಗ ನಮ್ಮ ದುಡ್ಡಲ್ಲಿ 30 ಸಾವಿರದ ಹತ್ತಿರ ಆಗಿತ್ತು. ನನಗೆ ಆಗ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಫೇಲಾದ ವಾರದ ಒಂದು ವೀಕ್ಲಿ ಆಫ್ ದಿನ ನಾನು ನನ್ನ ಹಳೆಯ ಕಾಲೇಜಿಗೆ ಹೋದೆ. ನಮ್ಮ ಲೈಬ್ರರಿಯಲ್ಲಿ ಮೆಡಿಕಲ್ ಸರ್ಜಿಕಲ್‌ನ ಹೊಸ ಪುಸ್ತಕಗಳಿವೆ ಅಂತ ಗೊತ್ತಿತ್ತು. ನನ್ನ ಪಿಜಿಯಲ್ಲಿ ನಾಲ್ಕು ಜನಕ್ಕೆ ಒಂದು ರೂಮು, ಕೂತು ಓದಲು ಜಾಗ ಇರಲಿಲ್ಲ. ಆಫೀಸಿನಲ್ಲಿ ಕೇಳಿದೆ. "ನಿಮ್ಮ ಬ್ಯಾಚ್ ಮುಗೀತಲ್ಲಮ್ಮ, ಹೊರಗಿನವ್ರಿಗೆ ಲೈಬ್ರರಿ ಇಲ್ಲ" ಅಂದರು. ಅವರ ತಪ್ಪೇನಿಲ್ಲ, ನಿಯಮ ಹಾಗಿತ್ತು. ಆದರೆ ಹೊರಗಿನವರು ಅನ್ನುವ ಮಾತು ನನಗೆ ಫೇಲಾದದ್ದಕ್ಕಿಂತ ಜಾಸ್ತಿ ನಾಟಿತು. ಕಾರಿಡಾರಿನಲ್ಲಿ ಒಂದು ದೊಡ್ಡ ಫ್ಲೆಕ್ಸ್ ಇತ್ತು. ಅಮೆರಿಕ, ಇಂಗ್ಲೆಂಡ್, ಗಲ್ಫ್‌ನಲ್ಲಿ ಇರುವ ನಮ್ಮ ಸೀನಿಯರ್‌ಗಳ ಫೋಟೊಗಳು. ಅವರಲ್ಲಿ ಒಬ್ಬರು ಮೂರನೇ ಸಲಕ್ಕೆ ಪಾಸಾದವರು ಅಂತ ನನಗೆ ಆಮೇಲೆ ಅವರಿಂದಲೇ ಗೊತ್ತಾಯಿತು. ಫ್ಲೆಕ್ಸ್ ಮುಂದೆ ನಿಂತಿದ್ದಾಗ ಅದು ಗೊತ್ತಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ.

ಗೇಟಿನ ಹತ್ತಿರ ಒಬ್ಬ ಮೇಡಂ ಸಿಕ್ಕರು. ಫಸ್ಟ್ ಇಯರ್‌ನಲ್ಲಿ ನಮಗೆ ಫಂಡಮೆಂಟಲ್ಸ್ ಹೇಳಿಕೊಟ್ಟವರು. ಬೆಡ್ ಮೇಕಿಂಗ್ ಕ್ಲಾಸಿನಲ್ಲಿ ಬೆಡ್‌ಶೀಟಿನ ಮೂಲೆ ಸರಿ ಮಡಚಿಲ್ಲ ಅಂತ ನನ್ನ ಹತ್ತಿರ ಐದು ಸಲ ಮಾಡಿಸಿದ್ದರು. ನನ್ನ ಮುಖ ನೋಡಿ ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಟೀ ತರಿಸಿ, "ಏನೋ ಕಾಗದ ಕೊಡ್ತಾರಂತಲ್ಲ ಫೇಲಾದ್ರೆ, ತೋರ್ಸು" ಅಂದರು.

ಆ ಕಾಗದದ ಬಗ್ಗೆ ನಿಮಗೆ ಹೇಳಲೇಬೇಕು. ಪಾಸಾದವರಿಗೆ ಅದು ಸಿಗುವುದಿಲ್ಲ, ಫೇಲಾದವರಿಗೆ ಮಾತ್ರ. ಪರೀಕ್ಷೆಯ ಒಂದೊಂದು ಭಾಗದಲ್ಲೂ ನೀವು ಪಾಸಿನ ಗೆರೆಗಿಂತ ಮೇಲಿದ್ದಿರೋ, ಹತ್ತಿರ ಇದ್ದಿರೋ, ಕೆಳಗಿದ್ದಿರೋ ಅಂತ ಅದರಲ್ಲಿ ಬರೆದಿರುತ್ತದೆ. ನಾನು ಅದನ್ನು ಒಂದೇ ಸಲ ನೋಡಿ ಫೋನಿನಲ್ಲಿ ಮುಚ್ಚಿಟ್ಟಿದ್ದೆ. ಮೇಡಂ ಕನ್ನಡಕ ಹಾಕಿಕೊಂಡು ಒಂದೊಂದು ಸಾಲೂ ಓದಿದರು. ಔಷಧಿ ಭಾಗದಲ್ಲಿ ಮೇಲೆ. ಇನ್‌ಫೆಕ್ಷನ್ ಕಂಟ್ರೋಲ್‌ನಲ್ಲಿ ಹತ್ತಿರ. ಮೂರು ನಾಲ್ಕು ಕಡೆ ಹತ್ತಿರ. ರೋಗಿಗಳ ಆರೈಕೆಯನ್ನು ನಿಭಾಯಿಸುವ ಭಾಗದಲ್ಲಿ, ಅಂದರೆ ಯಾರನ್ನು ಮೊದಲು ನೋಡಬೇಕು, ಯಾವ ಕೆಲಸ ಯಾರಿಗೆ ವಹಿಸಬೇಕು ಅನ್ನುವ ಕಡೆ, ಕೆಳಗೆ. ಪರೀಕ್ಷೆಯಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗಗಳಲ್ಲಿ ಅದೂ ಒಂದು.

"ನಿಂಗೆ ಓದು ಕಮ್ಮಿ ಇಲ್ಲ," ಅಂದರು ಮೇಡಂ. "ನಾವೇ ಇದನ್ನ ಹೇಳ್ಕೊಟ್ಟಿಲ್ಲ." ಆ ಮಾತು ಹೇಳಲು ಅವರಿಗೆ ಸುಲಭ ಇರಲಿಲ್ಲ ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು. ಅವತ್ತಿನಿಂದ ಆರು ಶನಿವಾರ, ಮಧ್ಯಾಹ್ನ ಅವರ ಕ್ಲಾಸ್ ಮುಗಿದ ಮೇಲೆ ಅದೇ ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಒಂದೊಂದು ಗಂಟೆ ಕೂತೆವು.

ಅಲ್ಲಿ ಏನು ನಡೆಯಿತು ಅಂತ ಒಂದು ಉದಾಹರಣೆ ಕೊಡುತ್ತೇನೆ. ನಿಜವಾದ ಪರೀಕ್ಷೆಯ ಪ್ರಶ್ನೆ ಹೊರಗೆ ಹೇಳುವಂತಿಲ್ಲ, ಅದಕ್ಕೆ ಒಪ್ಪಿಗೆ ಕೊಟ್ಟೇ ಕೂತಿರುತ್ತೇವೆ. ಇದು ಮೇಡಂ ತಾವೇ ಬರೆದುಕೊಂಡು ಬಂದಿದ್ದ ಪ್ರಶ್ನೆ. ನಾಲ್ಕು ರೋಗಿಗಳು. ಒಬ್ಬರಿಗೆ ಸಿಒಪಿಡಿ, ಅಂದರೆ ಬಹುಕಾಲದ ಶ್ವಾಸಕೋಶದ ಕಾಯಿಲೆ, ಆಕ್ಸಿಜನ್ ಸ್ಯಾಚುರೇಶನ್ 90. ಒಬ್ಬರಿಗೆ ಶುಗರ್ 250. ಒಬ್ಬರಿಗೆ ನಿನ್ನೆ ಹೊಟ್ಟೆ ಆಪರೇಶನ್, ನೋವು ಹತ್ತಕ್ಕೆ ಏಳು ಅನ್ನುತ್ತಿದ್ದಾರೆ. ಇನ್ನೊಬ್ಬರಿಗೆ ನಿನ್ನೆ ಥೈರಾಯ್ಡ್ ತೆಗೆದಿದ್ದಾರೆ, ತುಟಿ ಸುತ್ತ ಮತ್ತು ಬೆರಳ ತುದಿಯಲ್ಲಿ ಜುಮ್ ಅಂತಿದೆ ಅನ್ನುತ್ತಿದ್ದಾರೆ. ಮೊದಲು ಯಾರ ಹತ್ತಿರ ಹೋಗ್ತೀಯ?

ನಾನು ಒಂದು ಕ್ಷಣವೂ ಯೋಚಿಸದೆ ಸಿಒಪಿಡಿ ಅಂದೆ. ಏರ್‌ವೇ, ಬ್ರೀದಿಂಗ್, ಸರ್ಕ್ಯುಲೇಶನ್, ಅಂದರೆ ಮೊದಲು ಉಸಿರು, ಆಮೇಲೆ ರಕ್ತಸಂಚಾರ ಅಂತ ಬಾಯಿಪಾಠ ಆಗಿತ್ತಲ್ಲ, 90 ಅಂದ ಕೂಡಲೇ ಕಣ್ಣು ಅಲ್ಲಿಗೇ ಹೋಯಿತು. ಮೇಡಂ ಸರಿ ತಪ್ಪು ಏನೂ ಹೇಳಲಿಲ್ಲ. "ಈ ನಾಲ್ವರಲ್ಲಿ ಇನ್ನರ್ಧ ಗಂಟೆ ನೀನು ಹೋಗದೇ ಇದ್ರೆ ಕೈ ಮೀರಿ ಹೋಗೋರು ಯಾರು?" ಅಂತ ಕೇಳಿದರು. ಸಿಒಪಿಡಿ ಇರುವವರಿಗೆ 90 ಅನ್ನುವುದು ಅವರ ಮಾಮೂಲಿ, 88ರಿಂದ 92ರ ಒಳಗೆ ಇದ್ದರೆ ಸಾಕು ಅಂತಲೇ ನೋಡಿಕೊಳ್ಳುತ್ತೇವೆ. ಥೈರಾಯ್ಡ್ ತೆಗೆಯುವಾಗ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟು ಬಿದ್ದಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ಜುಮ್ ಅನ್ನುವುದು ಅದರ ಮೊದಲ ಸೂಚನೆ. ಬಿಟ್ಟರೆ ಗಂಟಲೇ ಬಿಗಿದುಕೊಳ್ಳಬಹುದು. ಇದೆಲ್ಲ ನನಗೆ ಗೊತ್ತಿತ್ತು! ಥೈರಾಯ್ಡೆಕ್ಟಮಿ ಆದ ಮೇಲಿನ ತೊಂದರೆಗಳು ಅಂತ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ತಗೊಂಡಿದ್ದೆ. ಆದರೆ ಆ ಪಾಠವನ್ನೂ ಸಿಒಪಿಡಿ ಪಾಠವನ್ನೂ ಅಕ್ಕಪಕ್ಕ ಇಟ್ಟು ನೋಡು ಅಂತ ನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ವ್ಯಾಖ್ಯಾನ ಬರೆಯಿರಿ, ಕಾರಣಗಳನ್ನು ಪಟ್ಟಿ ಮಾಡಿ, ನರ್ಸಿಂಗ್ ಆರೈಕೆ ವಿವರಿಸಿ ಅಂತಲೇ ಕೇಳುತ್ತಿದ್ದರು. ಅದಕ್ಕೆ ನಾವೂ ಚೆನ್ನಾಗಿಯೇ ಬರೆಯುತ್ತಿದ್ದೆವು.

ಇನ್ನೊಂದು ಶನಿವಾರ ನಡೆದದ್ದು ನನಗೆ ಇವತ್ತಿಗೂ ಮರೆತಿಲ್ಲ. ರಕ್ತ ಏರಿಸುತ್ತಿರುವ ರೋಗಿಗೆ ಚಳಿ, ನಡುಕ, ಸೊಂಟ ನೋವು. ಮೊದಲು ಏನು ಮಾಡ್ತೀಯ? ನಾನು "ಡಾಕ್ಟರಿಗೆ ತಿಳಿಸ್ತೀನಿ" ಅಂತ ಗುರುತು ಹಾಕಿದೆ. ಮೇಡಂ ಪೆನ್ ಕೆಳಗಿಟ್ಟರು. "ನಿಜವಾಗ್ಲೂ ನಿನ್ನ ವಾರ್ಡಲ್ಲಿ ಹೀಗೆ ಆಗಿದ್ಯಾ?" ಆಗಿತ್ತು. ಒಂದು ರಾತ್ರಿ, ರಕ್ತ ಶುರು ಮಾಡಿ ಹತ್ತು ನಿಮಿಷಕ್ಕೆ. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನಡುಗಿದ ತಕ್ಷಣ ನನ್ನ ಕೈ ತಾನಾಗಿಯೇ ಕ್ಲಾಂಪ್ ಮುಚ್ಚಿತ್ತು. ಬ್ಯಾಗ್, ಸೆಟ್ ಎರಡನ್ನೂ ತೆಗೆದು, ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಹಾಕಿ ಲೈನ್ ಉಳಿಸಿಕೊಂಡು, ಆಮೇಲೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದ್ದೆ. "ಮತ್ತೆ ಇಲ್ಲಿ ಯಾಕೆ ಡಾಕ್ಟರು ಮೊದಲು ಬಂದ್ರು?" ಅಂತ ಕೇಳಿದರು ಮೇಡಂ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಪರೀಕ್ಷೆ ಅಂದ ಕೂಡಲೇ ನಾನು ವಾರ್ಡಿನ ನರ್ಸ್ ಆಗಿರುವುದಿಲ್ಲ, ಬೆಂಚಿನಲ್ಲಿ ಕೂತ ವಿದ್ಯಾರ್ಥಿನಿ ಆಗಿಬಿಡುತ್ತೇನೆ. ಆ ವಿದ್ಯಾರ್ಥಿನಿಗೆ ನಾವು ಕಲಿಸಿದ್ದು, ಏನಾದರೂ ಆದರೆ ಸೀನಿಯರ್‌ಗೆ ಹೇಳು, ಡಾಕ್ಟರಿಗೆ ಹೇಳು, ನೀನಾಗಿ ಏನೂ ಮಾಡಬೇಡ ಅಂತ. ಮೊದಲ ವರ್ಷದ ಮಗುವಿಗೆ ಆ ಮಾತು ಬೇಕು, ಒಪ್ಪುತ್ತೇನೆ. ನಾಲ್ಕನೇ ವರ್ಷದವಳಿಗೂ ಅದನ್ನೇ ಹೇಳಿ ಕಳಿಸುತ್ತಿದ್ದೇವೆ. 2023ರ ಏಪ್ರಿಲ್‌ನಿಂದ ಎನ್‌ಕ್ಲೆಕ್ಸ್ ಅಳೆಯುತ್ತಿರುವುದೇ ನೀನಾಗಿ ಏನು ನಿರ್ಧರಿಸುತ್ತೀಯ ಅನ್ನುವುದನ್ನು. ಒಬ್ಬ ರೋಗಿಯ ಕಥೆ ಕೊಟ್ಟು, ನೋಟ್ಸ್, ಲ್ಯಾಬ್ ರಿಪೋರ್ಟ್, ಬಿಪಿ ಎಲ್ಲ ತೋರಿಸಿ, ಆರು ಪ್ರಶ್ನೆ ಕೇಳುತ್ತಾರೆ. ಏನು ಗಮನಿಸಿದೆ, ಅದರ ಅರ್ಥ ಏನು, ಯಾವುದು ಮೊದಲು, ಏನೇನು ಮಾಡಬಹುದು, ಏನು ಮಾಡ್ತೀಯ, ಮಾಡಿದ್ದು ಫಲ ಕೊಟ್ಟಿತಾ. ಒಳ್ಳೆಯ ಇನ್‌ಚಾರ್ಜ್ ಸಿಸ್ಟರ್ ಹ್ಯಾಂಡೋವರ್‌ನಲ್ಲಿ ನಮ್ಮನ್ನು ಕೇಳುವುದೂ ಇದೇ ಅಲ್ವಾ?

ಕೆಲಸ ವಹಿಸುವ ಪ್ರಶ್ನೆಗಳು ಮಾತ್ರ ನಮಗೆ ನಿಜಕ್ಕೂ ಹೊಸವು. ನಮ್ಮ ವಾರ್ಡುಗಳಲ್ಲಿ ಊಟ ಮಾಡಿಸುವುದು, ಮೈ ಒರೆಸುವುದು ಎಷ್ಟೋ ಸಲ ರೋಗಿಯ ಜೊತೆ ಇರುವವರೇ. ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಕೆಳಗೆ ಪ್ರಾಕ್ಟಿಕಲ್ ನರ್ಸ್, ಅವರ ಕೆಳಗೆ ಸಹಾಯಕರು ಅಂತ ಇದ್ದಾರೆ. ಸ್ಥಿರವಾಗಿರುವ ರೋಗಿಯ ಬಿಪಿ ನೋಡುವುದನ್ನು ಸಹಾಯಕರಿಗೆ ಬಿಡಬಹುದು. ಹೊಸದಾಗಿ ಬಂದ ರೋಗಿಯನ್ನು ಮೊದಲ ಸಲ ಪೂರ್ತಿ ಪರೀಕ್ಷಿಸುವುದನ್ನು, ಮನೆಗೆ ಹೋಗುವವರಿಗೆ ತಿಳಿಸಿ ಹೇಳುವುದನ್ನು ಬಿಡುವಂತಿಲ್ಲ. ಎರಡು ಶನಿವಾರ ಬರೀ ಇದಕ್ಕೇ ಹೋಯಿತು.

ಫೇಲಾದದ್ದು ಯಾರೋ ಒಬ್ಬಿಬ್ಬರು ಅಂದುಕೊಳ್ಳಬೇಡಿ. 2022ರಲ್ಲಿ ಅಮೆರಿಕದಲ್ಲೇ ಓದಿ ಮೊದಲ ಸಲ ಕೂತವರಲ್ಲೂ ಐದು ಜನಕ್ಕೆ ಒಬ್ಬರು ಫೇಲಾದರು. ಮರುವರ್ಷ ನೂರಕ್ಕೆ 88ಕ್ಕಿಂತ ಜಾಸ್ತಿ ಪಾಸಾದರು. ಹೊರದೇಶದಲ್ಲಿ ಓದಿದವರ ಪಾಸಿನ ಪ್ರಮಾಣ ಯಾವಾಗಲೂ ಅದಕ್ಕಿಂತ ತುಂಬ ಕೆಳಗೆ. ಎರಡನೇ ಸಲ ಬರೆಯುವವರದ್ದು ಮೊದಲ ಸಲದವರಿಗಿಂತಲೂ ಕಡಿಮೆ. ಇದನ್ನು ನೋಡಿ ನನಗೆ ಅನ್ನಿಸುವುದು, ಫೇಲಾದವರು ಮತ್ತೆ ಅದೇ ಪುಸ್ತಕವನ್ನು, ಅದೇ ರೀತಿ, ಒಬ್ಬರೇ ಕೂತು, ಇನ್ನೂ ಜಾಸ್ತಿ ಹೆದರಿಕೊಂಡು ಓದುತ್ತಾರೆ. ನಾನೂ ಅದನ್ನೇ ಮಾಡಲು ಹೊರಟಿದ್ದೆ. ಗೇಟಿನಲ್ಲಿ ಆ ಮೇಡಂ ಸಿಗದಿದ್ದರೆ ಇನ್ನೊಂದು 30 ಸಾವಿರ ಹೋಗುತ್ತಿತ್ತು.

ಬೇರೆ ದಾರಿ ತೋರಿಸುವವರೂ ಇದ್ದಾರೆ. ಫೇಲಾದ ಹುಡುಗಿಯರ ಫೋನಿಗೆ ಮೆಸೇಜ್ ಬರುತ್ತದೆ. ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳೇ ನಮ್ಮ ಹತ್ತಿರ ಇವೆ, ಪಾಸ್ ಗ್ಯಾರಂಟಿ, ಇಷ್ಟು ದುಡ್ಡು ಹಾಕಿ ಅಂತ. ದಯವಿಟ್ಟು ಆ ಕಡೆ ಹೋಗಬೇಡಿ ಅಂತ ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ. ಅದು ತಪ್ಪು, ಸಿಕ್ಕಿಬಿದ್ದರೆ ಫಲಿತಾಂಶವನ್ನೇ ರದ್ದು ಮಾಡಬಹುದು. ಆದರೆ ಅವರ ಮೆಸೇಜ್ ತಲುಪುವ ಹೊತ್ತಿಗೆ ಕಾಲೇಜಿನ ಒಂದು ಫೋನೂ ಬಂದಿರುವುದಿಲ್ಲವಲ್ಲ, ಅದೇ ನನ್ನ ಸಂಕಟ.

ನೀವು ಕೇಳಬಹುದು. ನಾವು ಇಲ್ಲಿನ ಜನಕ್ಕೆ ನರ್ಸ್‌ಗಳನ್ನು ತಯಾರು ಮಾಡುವವರು, ಅಮೆರಿಕಕ್ಕೆ ಕಳಿಸುವುದು ನಮ್ಮ ಕೆಲಸವಾ? ನ್ಯಾಯವಾದ ಪ್ರಶ್ನೆ. ನಾನು ಪಾಸಾಗಿಯೂ ಇಲ್ಲೇ ಇದ್ದೇನೆ. ಭಾರತದವರಿಗೆ ವೀಸಾ ಸಾಲು ವರ್ಷಗಟ್ಟಲೆ ಉದ್ದ, ನನ್ನ ಸರದಿ ಯಾವಾಗಲೋ. ಈ ನಡುವೆ ಒಂದು ಸಂಜೆ ವಾರ್ಡಿನಲ್ಲಿ ಥೈರಾಯ್ಡ್ ಆಪರೇಶನ್ ಆದ ಒಬ್ಬ ಹೆಂಗಸು, ಮಂಡ್ಯದ ಕಡೆಯವರು, "ಸಿಸ್ಟರ್, ಬಾಯಿ ಸುತ್ತ ಯಾಕೋ ಜುಮ್ ಅಂತಿದೆ, ಏಸಿ ಜಾಸ್ತಿ ಆಯ್ತೇನೋ" ಅಂದರು. ಅವರ ಮಗಳು ಆಗಲೇ ಕಂಬಳಿ ಹೊದಿಸಿದ್ದಳು. ಪಕ್ಕದ ಬೆಡ್ಡಿನ ಆಂಟಿಬಯೋಟಿಕ್‌ಗೆ ಹೊತ್ತಾಗಿತ್ತು, ಟ್ರೇ ನನ್ನ ಕೈಯಲ್ಲೇ ಇತ್ತು. ಕೆಳಗಿಟ್ಟೆ. ಅವರ ಕಿವಿಯ ಮುಂದೆ ಕೆನ್ನೆ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿದೆ. ತುಟಿಯ ತುದಿ ಎಳೆದುಕೊಂಡಿತು, ಕ್ಯಾಲ್ಸಿಯಂ ಇಳಿದಿರಬಹುದು ಅನ್ನುವುದರ ಗುರುತು ಅದು. ಡಾಕ್ಟರನ್ನು ಕರೆಸಿ, ರಕ್ತ ಕಳಿಸಿ ನೋಡಿದರೆ ಕ್ಯಾಲ್ಸಿಯಂ ಇಳಿದಿತ್ತು. ಕ್ಯಾಲ್ಸಿಯಂ ಕೊಟ್ಟರು, ರಾತ್ರಿ ಹೊತ್ತಿಗೆ ಸರಿಹೋದರು. ಫೇಲಾಗುವ ಮೊದಲಿನ ನಾನಾಗಿದ್ದರೆ ಆ ಟ್ರೇ ಮುಗಿಸಿಕೊಂಡೇ ಬರುತ್ತಿದ್ದೆ ಅಂತ ಕಾಣುತ್ತದೆ. ಕ್ಯಾಂಟೀನಿನ ಆ ಮೇಜಿನಲ್ಲಿ ಕಲಿತದ್ದು ಮಂಡ್ಯದ ಆ ಅಮ್ಮನಿಗೆ ಬಂತು.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಕಟ್ಟಡ ಬೇಡ, ಕೋಚಿಂಗ್ ಸೆಂಟರ್ ತೆರೆಯುವುದೂ ಬೇಡ. ನಿಮ್ಮಲ್ಲಿ ಓದಿದ ಮಗು ಫೇಲಾದರೆ ಆ 45 ದಿನ ಅವಳು ಹೊರಗಿನವಳಲ್ಲ ಅಂತ ಒಂದು ಸುತ್ತೋಲೆ ಬರೆಯಿರಿ. ಲೈಬ್ರರಿಯಲ್ಲಿ ಕೂರಲು ಬಿಡಿ. ಅವಳ ಆ ಕಾಗದವನ್ನು ಜೊತೆಗೆ ಕೂತು ಓದುವ ಒಬ್ಬ ಮೇಡಂ ಅಥವಾ ಸರ್ ಹೆಸರು ಹೇಳಿ, ವಾರಕ್ಕೆ ಒಂದು ಗಂಟೆ ಸಾಕು. ಆ ಗಂಟೆಯನ್ನು ಅವರ ಕೆಲಸದ ಲೆಕ್ಕಕ್ಕೆ ಹಾಕಿ, ನನ್ನ ಮೇಡಂ ತಮ್ಮ ಊಟದ ಹೊತ್ತನ್ನು ಕೊಟ್ಟಿದ್ದರು. ನಾಲ್ಕನೇ ವರ್ಷದವರಿಗೆ ತಿಂಗಳಿಗೆ ಒಂದು ದಿನವಾದರೂ ನಾಲ್ಕು ರೋಗಿಗಳ ಪ್ರಶ್ನೆ ಕೇಳಿ, ಯಾಕೆ ಅಂತ ಬಾಯಿಬಿಟ್ಟು ಹೇಳಿಸಿ. ಅದಕ್ಕೆ ಸಿಲಬಸ್ ಬದಲಾಗುವವರೆಗೆ ಕಾಯಬೇಕಿಲ್ಲ. ಟ್ರಾನ್ಸ್‌ಕ್ರಿಪ್ಟ್‌ಗೆ, ಸಹಿಗೆ ಅಂತ ಬಂದವರನ್ನು ನಾಳೆ ಬನ್ನಿ ಅಂತ ನಾಲ್ಕು ಸಲ ಓಡಾಡಿಸಬೇಡಿ, ಒಂದು ದಿನದ ರಜೆಗೆ ನಾವು ಎಷ್ಟು ಜನರ ಡ್ಯೂಟಿ ಬದಲಿಸಿಕೊಂಡು ಬಂದಿರುತ್ತೇವೆ ಅಂತ ನಿಮಗೆ ಗೊತ್ತು. ಕಾರಿಡಾರಿನ ಫ್ಲೆಕ್ಸ್ ಇರಲಿ, ಅದನ್ನು ನೋಡಿಯೇ ನಾನೂ ಕನಸು ಕಂಡಿದ್ದು. ಎರಡನೇ ಸಲಕ್ಕೆ, ಮೂರನೇ ಸಲಕ್ಕೆ ಪಾಸಾದವರು ಒಪ್ಪಿದರೆ ಹೆಸರಿನ ಕೆಳಗೆ ಅದನ್ನೂ ಬರೆಸಿ. ನನ್ನ ಫೋಟೊ ಹಾಕುವುದಾದರೆ ಖಂಡಿತ ಬರೆಸಿ.

ಆಸ್ಪತ್ರೆಗಳ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂಗಳು ಓದುತ್ತಿದ್ದರೆ ಅವರಿಗೂ ಒಂದು ಮಾತು. ಪರೀಕ್ಷೆಗೆ ಮುಂಚಿನ ಒಂದು ವಾರ ಆ ಹುಡುಗಿಗೆ ನೈಟ್ ಹಾಕಬೇಡಿ. ಅವಳು ಮುಂದೆ ಬಿಟ್ಟು ಹೋಗುತ್ತಾಳೆ ಅನ್ನುವ ಬೇಜಾರು ನಿಮಗೆ ಇರುತ್ತದೆ, ನನಗೆ ಅರ್ಥವಾಗುತ್ತದೆ. ಇರುವಷ್ಟು ದಿನ ನಿಮ್ಮ ರೋಗಿಗಳನ್ನು ನೋಡಿಕೊಳ್ಳುವವಳೂ ಅವಳೇ.

ಎರಡನೇ ಸಲ ನನ್ನದು 91ಕ್ಕೆ ನಿಂತಿತು. ಮೇಡಂಗೆ ಫೋನ್ ಮಾಡಿದಾಗ ಅವರು ಕ್ಲಾಸಿನಲ್ಲಿದ್ದರು, ಎತ್ತಲಿಲ್ಲ. ಸಂಜೆ ಅವರೇ ಮಾಡಿ, ನಾನು ಹೇಳುವ ಮೊದಲೇ "ಶನಿವಾರ ಬಾ, ಇನ್ನೊಬ್ಳು ಬರ್ತಿದ್ದಾಳೆ, ನೀನೇ ಹೇಳ್ಕೊಡು" ಅಂದರು. ಅವರು ಹೋದ ವರ್ಷ ರಿಟೈರ್ ಆದರು. ಈಗ ಹುಡುಗಿಯರು ನನ್ನ ರೂಮಿಗೆ ಬರುತ್ತಾರೆ. ಈ ಶನಿವಾರ ಇಬ್ಬರು ಬರುವವರಿದ್ದಾರೆ, ಒಬ್ಬಳಿಗೆ ಇನ್ನು 19 ದಿನ ಉಳಿದಿದೆ. ನನ್ನ ರೂಮಿನಲ್ಲಿ ಒಂದೇ ಮೇಜು, ಒಂದೇ ಕುರ್ಚಿ. ಉಳಿದವರು ಮಂಚದ ಮೇಲೆ ಕೂರುತ್ತೇವೆ. ಮಧ್ಯಾಹ್ನ ಎರಡರ ಮೇಲೆ ನಿಮ್ಮ ಲೈಬ್ರರಿಯಲ್ಲಿ ಮೇಜುಗಳು ಖಾಲಿ ಇರುತ್ತವೆ, ಅವರಿಬ್ಬರನ್ನು ಒಳಗೆ ಬಿಡುತ್ತೀರಾ?

ಇಂತಿ,
ನಿಮ್ಮ ಹಳೆಯ ವಿದ್ಯಾರ್ಥಿನಿ